ಆಟಗಾರನ ಅನ್ನ: ವಿಕ್ಟರ್ ಟ್ರಂಪರನ ಜೀವನ

ಕ್ರೀಡಾಭಿಮಾನಿಗಳಲ್ಲಿ ಬಹುಕಾಲದಿಂದ ಒಂದು ನಂಬಿಕೆ ಬೇರೂರಿದೆ. ಹಣ ಪಡೆಯದೆ ಆಡುವವನು ಉತ್ತಮ, ಹಣ ಪಡೆದು ಆಡುವವನು ಅಧಮ ಎಂಬುದೇ ಅದು. ಸಂಗೀತಗಾರನಿಗೆ ಸಂಭಾವನೆ, ಪುರೋಹಿತನಿಗೆ ದಕ್ಷಿಣೆ, ಅಧ್ಯಾಪಕನಿಗೆ ಸಂಬಳ ಸಲ್ಲುವುದನ್ನು ಸಹಜವೆಂದು ಒಪ್ಪುವ ನಾವು, ಆಟಗಾರ ತನ್ನ ಪಾಲನ್ನು ಕೇಳಿದೊಡನೆ ಮುಖ ಕಿವುಚುತ್ತೇವೆ. ಈ ನಂಬಿಕೆಯ ಸತ್ತ್ವವನ್ನು ತಿಕ್ಕಿ ನೋಡಲು ಆಸ್ಟ್ರೇಲಿಯದ ವಿಕ್ಟರ್ ಟ್ರಂಪರನ ಜೀವನಕ್ಕಿಂತ ಒಳ್ಳೆಯ ಒರೆಗಲ್ಲು ದೊರೆಯುವುದು ಕಷ್ಟ. ಕ್ರಿಕೆಟ್ಟಿನಲ್ಲಿ ಆತ ನಿಷ್ಕಾಮ ಸೌಂದರ್ಯದ ಪ್ರತಿಮೆಯೆಂದು ಹೆಸರಾದವನು. ಆತನೇ ತನ್ನ ನಾಡಿನಲ್ಲಿ ವೃತ್ತಿಪರ ರಗ್ಬಿಯನ್ನು ಕಟ್ಟಿದ ಮೂವರಲ್ಲಿ ಒಬ್ಬ. ಮೊದಲನೆಯ ಸಂಗತಿಯನ್ನು ಬಲ್ಲವರು ಅನೇಕರು. ಎರಡನೆಯದನ್ನು ಬಲ್ಲವರು ನಮ್ಮಲ್ಲಿ ವಿರಳ.

ಬೇತಮಂಗಲದ ಸೀಮೆಯವರಿಗೆ ಈ ಕಥೆ ತೀರ ದೂರದ್ದೆನಿಸಬೇಕಾಗಿಲ್ಲ. ಪಾಲಾರಿನ ನೀರನ್ನು ಹಿಡಿದು ನಿಲ್ಲಿಸಿದ ಬೇತಮಂಗಲದ ಕೆರೆ ಯಾವ ಚಿನ್ನದ ಗಣಿಗಳ ದಾಹವನ್ನು ತಣಿಸಿತೋ, ಆ ಗಣಿಗಳಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಿಂದ ಗಣಿಗಾರರು ಬಂದರು. ಅವರ ಬಂಧುಬಳಗದವರೇ ಆಸ್ಟ್ರೇಲಿಯದ ಗಣಿಗಳಿಗೂ ಹೋದರು. ಅವರ ತಾಯ್ನಾಡಿನ ಮೆಚ್ಚಿನ ಆಟ ರಗ್ಬಿ. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಬ್ರಿಟನ್ನಿನ ಪರವಾಗಿ ಆಡಿದ್ದು ಇದೇ ಕಾರ್ನ್‌ವಾಲಿನ ತಂಡ. ಅದು ಆಸ್ಟ್ರೇಲಿಯಕ್ಕೆ 32-3 ಅಂಕಗಳಿಂದ ಸೋತಿತು. ನೆಲದಾಳದಲ್ಲಿ ಬಂಡೆ ಸಿಡಿದು ಕೈಯೋ ಕಾಲೋ ಮುರಿದವನ ಮನೆಯಲ್ಲಿ ಒಲೆ ಹೇಗೆ ಉರಿಯಬೇಕು ಎಂಬ ಪ್ರಶ್ನೆ ನಮ್ಮ ಗಣಿಯ ಊರುಗಳಿಗೆ ಹೊಸದಲ್ಲ. ಟ್ರಂಪರನನ್ನು ರಗ್ಬಿಯ ವ್ಯವಹಾರಕ್ಕೆ ಎಳೆದುತಂದದ್ದೂ ಇಂಥದೇ ಒಂದು ಪ್ರಶ್ನೆ.

ಟ್ರಂಪರನು ಹುಟ್ಟಿದ್ದು 1877ರ ನವೆಂಬರ್ 2ರಂದು ಎಂದು ಗಣಿಸಲಾಗಿದೆ. ಬೆಳೆದದ್ದು ಸಿಡ್ನಿ ನಗರದ ದುಡಿಯುವ ಜನರ ಬಡಾವಣೆಗಳಲ್ಲಿ. ತಂದೆಯದು ಪಾದರಕ್ಷೆ ತಯಾರಿಸುವ ಕಸುಬು. ಓದಿದ್ದು ಕ್ರೌನ್ ಸ್ಟ್ರೀಟಿನ ಸರ್ಕಾರಿ ಶಾಲೆಯಲ್ಲಿ. ಮುಂದೆ ಆತ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದ. ಕುಲದಿಂದಾಗಲಿ ಧನದಿಂದಾಗಲಿ ಬಂದ ಹಿರಿಮೆ ಆತನಿಗೆ ಇರಲಿಲ್ಲ. ಇದ್ದುದು ಹಿಡಿದ ದಾಂಡು ಮತ್ತು ಅದನ್ನು ಆಡಿಸುವ ಮಣಿಕಟ್ಟು ಮಾತ್ರ.

1899ರಲ್ಲಿ ಆಸ್ಟ್ರೇಲಿಯದ ತಂಡ ಇಂಗ್ಲೆಂಡಿಗೆ ಹೊರಟಾಗ ಟ್ರಂಪರನಿಗೆ ಕಟ್ಟಕಡೆಯಲ್ಲಿ ಸ್ಥಾನ ದೊರಕಿತು. ಆ ಕಾಲದ ಆಸ್ಟ್ರೇಲಿಯದ ಪ್ರವಾಸಗಳ ಕ್ರಮವನ್ನು ಇಲ್ಲಿ ತಿಳಿಯುವುದು ಅಗತ್ಯ. ಇಂಗ್ಲೆಂಡಿನ ಪತ್ರಿಕೆಗಳು ಈ ಆಟಗಾರರನ್ನು ಹವ್ಯಾಸಿಗಳೆಂದೇ ಕರೆದು ಗೌರವಿಸುತ್ತಿದ್ದುವು. ಆದರೆ ಪ್ರವಾಸದ ಆದಾಯವನ್ನು ಅವರು ತಮ್ಮೊಳಗೆ ಪಾಲು ಹಂಚಿಕೊಳ್ಳುತ್ತಿದ್ದರು. ಇದು ಎಲ್ಲರೂ ಬಲ್ಲ ಗುಟ್ಟು. ಕೊನೆಯಲ್ಲಿ ಸೇರಿದ ಟ್ರಂಪರನಿಗೆ ಪೂರ್ಣ ಪಾಲಿನ ಹಕ್ಕು ಇರಲಿಲ್ಲ. ಲಾರ್ಡ್ಸ್ ಮೈದಾನದ ಟೆಸ್ಟಿನಲ್ಲಿ ಆತ ಔಟಾಗದೆ 135, ಸಸೆಕ್ಸ್ ತಂಡದೆದುರು ಔಟಾಗದೆ 300 ರನ್ನುಗಳನ್ನು ಗಳಿಸಿದ ಮೇಲೆ, ಜೊತೆಯ ಆಟಗಾರರೇ ಮನಸಾರೆ ಒಪ್ಪಿ ಆತನಿಗೆ ತಮ್ಮ ಸಮನಾದ ಪಾಲನ್ನು ಕೊಟ್ಟರು. ಆಟಗಾರರು ಕೂಡಿ ದುಡಿದುದನ್ನು ಕೂಡಿ ಹಂಚಿಕೊಳ್ಳಬೇಕೆಂಬ ನೀತಿಯನ್ನು ಆ ಇಪ್ಪತ್ತೊಂದರ ತರುಣ ಹೀಗೆ ಅನುಭವದಿಂದ ಕಲಿತನೆನ್ನಬಹುದು.

ಆತನ ಕೀರ್ತಿಯ ಶಿಖರ 1902ರ ಇಂಗ್ಲೆಂಡಿನ ಬೇಸಿಗೆ. ಮಳೆಯಿಂದ ನೆನೆದ ಆ ಋತುವಿನಲ್ಲಿ ಉಳಿದವರು ಕಾಲೂರಲು ಪರದಾಡುತ್ತಿದ್ದಾಗ ಟ್ರಂಪರನು 11 ಶತಕಗಳೊಡನೆ 2570 ರನ್ನುಗಳನ್ನು ಕೂಡಿಸಿದ. ಆ ಶತಕಗಳಲ್ಲಿ ಅತಿ ದೊಡ್ಡದು 128 ಮಾತ್ರ. ಶತಕ ಮುಗಿದ ಮೇಲೆ ದುರ್ಬಲರ ಚೆಂಡೆಸೆತವನ್ನು ಹಿಂಡಿ ರನ್ನು ಕೂಡಿಹಾಕುವುದರಲ್ಲಿ ಆತನಿಗೆ ಆಸಕ್ತಿ ಇರಲಿಲ್ಲ. ಜುಲೈ ತಿಂಗಳಲ್ಲಿ ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್ ಟೆಸ್ಟಿನ ಮೊದಲ ದಿನ, ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಆತ ನೂರನ್ನು ದಾಟಿದ. ಟೆಸ್ಟ್ ಪಂದ್ಯದ ಮೊದಲ ದಿನ ಈ ಸಾಹಸವನ್ನು ಮಾಡಿದವರಲ್ಲಿ ಆತನೇ ಮೊದಲಿಗ. ಆಸ್ಟ್ರೇಲಿಯ ಆ ಪಂದ್ಯವನ್ನು ಗೆದ್ದದ್ದು ಕೇವಲ 3 ರನ್ನುಗಳ ಅಂತರದಿಂದ. ಅದೇ ಸಾಹಸವನ್ನು ಮೆರೆದ ಮೊದಲ ಭಾರತೀಯ ಶಿಖರ್ ಧವನ್. 2018ರಲ್ಲಿ ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಟ್ರಂಪರನ ನಂತರ ನೂರಹದಿನಾರು ವರ್ಷಗಳಿಗೆ.

ಟೆಸ್ಟುಗಳಲ್ಲಿ ಟ್ರಂಪರನ ಒಟ್ಟು ಗಳಿಕೆ 48 ಪಂದ್ಯಗಳಲ್ಲಿ 3163 ರನ್, ಸರಾಸರಿ 39.04. ಬ್ರಾಡ್ಮನ್ನನ 99.94ನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಇದು ಸಾಮಾನ್ಯವೆನಿಸಬಹುದು. ಆದರೆ ಕವಿಯ ಯೋಗ್ಯತೆಯನ್ನು ಪದ್ಯಗಳ ಸಂಖ್ಯೆಯಿಂದ ಅಳೆಯದಂತೆ ಟ್ರಂಪರನನ್ನು ಅಂಕಗಳಿಂದ ಅಳೆಯಲಾಗದು. ಜಾರ್ಜ್ ಬೆಲ್ಡಮ್ ಎಂಬಾತ ತೆಗೆದ, 1905ರಲ್ಲಿ ಪುಸ್ತಕವೊಂದರಲ್ಲಿ ಅಚ್ಚಾದ ಆತನ ಛಾಯಾಚಿತ್ರ ಇಂದಿಗೂ ಲೋಕಪ್ರಸಿದ್ಧ. ಮುಂಗಾಲು ನೆಲವನ್ನು ಬಿಟ್ಟು ಮುಂದೆ ಚಾಚಿದೆ. ದಾಂಡು ಹಿಂದಕ್ಕೆ ಮೇಲೆತ್ತಿದೆ. ಚೆಂಡು ಬರುವುದನ್ನು ಕಾಯದೆ ಅದನ್ನು ಎದುರ್ಗೊಳ್ಳಲು ಹೊರಟ ಧೀರನ ಭಂಗಿ ಅದು. ಹಣ, ಲೆಕ್ಕ, ಹಕ್ಕು ಎಂಬ ಮಾತುಗಳು ಈ ಚಿತ್ರದ ಬಳಿ ಸುಳಿಯಲಾರವು ಎಂದೇ ನೋಡಿದವರಿಗೆ ತೋರುತ್ತದೆ. ಆದರೆ ಆ ಭಂಗಿಯ ಹಿಂದೆ ಹೆಂಡತಿ ಮಕ್ಕಳನ್ನು ಸಾಕಬೇಕಾದ ಒಬ್ಬ ಅಂಗಡಿಕಾರನಿದ್ದ.

1904ರಲ್ಲಿ ಮದುವೆಯಾದ ಟ್ರಂಪರನು ಸಿಡ್ನಿಯ ಮಾರ್ಕೆಟ್ ಸ್ಟ್ರೀಟಿನಲ್ಲಿ ಕ್ರೀಡಾಸಾಮಗ್ರಿಯ ಅಂಗಡಿಯನ್ನು ನಡೆಸುತ್ತಿದ್ದ. ವ್ಯಾಪಾರದ ಚಾತುರ್ಯ ಆತನ ಬಳಿ ಸುಳಿಯಲಿಲ್ಲ. ಬಡ ಹುಡುಗರು ಬಂದರೆ ಚೆಂಡು ದಾಂಡುಗಳನ್ನು ಸುಮ್ಮನೆ ಕೊಟ್ಟು ಕಳುಹಿಸುತ್ತಿದ್ದನಂತೆ. ಒಮ್ಮೆ ತಾನೇ ಟೆಸ್ಟಿನಲ್ಲಿ ಆಡಿದ ದಾಂಡನ್ನು ಅಭಿಮಾನಿಯೊಬ್ಬ ಕೊಳ್ಳಬಯಸಿದಾಗ, ಅದು ಬಳಸಿದ ಸಾಮಾನಲ್ಲವೇ ಎಂದು ಬೆಲೆಯನ್ನು ಇಳಿಸಿಬಿಟ್ಟನೆಂದು ಹೇಳುತ್ತಾರೆ. ಕಥೆ ಬೆಳೆದಿರಬಹುದು, ಆದರೆ ಇಂಥ ಕಥೆ ಬೆಳೆಯುವುದೂ ತಕ್ಕ ನೆಲದಲ್ಲಿಯೇ.

ಈ ಅಂಗಡಿಯೇ 1907ರಲ್ಲಿ ಒಂದು ಕ್ರಾಂತಿಯ ತವರಾಯಿತು. ಅದರ ಹಿನ್ನೆಲೆಯನ್ನು ಸ್ವಲ್ಪ ವಿವರಿಸಬೇಕು. ರಗ್ಬಿ ಸಂಘದ ನಿಯಮದಂತೆ ಆಟಗಾರನಿಗೆ ಬಿಡಿಗಾಸನ್ನೂ ಕೊಡುವಂತಿರಲಿಲ್ಲ. ಶನಿವಾರವೂ ದುಡಿಯಬೇಕಾಗಿದ್ದ ಉತ್ತರ ಇಂಗ್ಲೆಂಡಿನ ಗಣಿ ಗಿರಣಿಗಳ ಕೆಲಸಗಾರರಿಗೆ ಆಟವೆಂದರೆ ಕೂಲಿಯ ನಷ್ಟ. ಆ ತಪ್ಪಿದ ಕೂಲಿಯನ್ನಾದರೂ ತುಂಬಿಕೊಡಬೇಕೆಂಬ ವಾದ ಸೋತಾಗ, 1895ರ ಆಗಸ್ಟಿನಲ್ಲಿ ಹಡರ್ಸ್‌ಫೀಲ್ಡ್ ಪಟ್ಟಣದಲ್ಲಿ ಸೇರಿದ ಕ್ಲಬ್ಬುಗಳು ಪ್ರತ್ಯೇಕ ಸಂಘವನ್ನು ಕಟ್ಟಿದುವು. ಮುಂದೆ ರಗ್ಬಿ ಲೀಗ್ ಎಂದು ಹೆಸರಾದ, ಹದಿನೈದರ ಬದಲು ಹದಿಮೂರು ಜನ ಆಡುವ ಆಟ ಹುಟ್ಟಿದ್ದು ಹೀಗೆ.

ಸಿಡ್ನಿಯಲ್ಲಿಯೂ ಅದೇ ಅಸಮಾಧಾನ ಹೊಗೆಯಾಡುತ್ತಿತ್ತು. 1907ರ ಜುಲೈಯಲ್ಲಿ ನ್ಯೂಜಿಲೆಂಡಿನೆದುರು ನಡೆದ ಒಂದೇ ಪಂದ್ಯಕ್ಕೆ 52,000 ಜನ ಸೇರಿದ್ದರು. ದ್ವಾರದ ಹಣವೆಲ್ಲ ಸಂಘದ ಪೆಟ್ಟಿಗೆಗೆ. ಇತ್ತ ಅಲೆಕ್ ಬರ್ಡನ್ ಎಂಬ ಆಟಗಾರ ಆಡುವಾಗ ತೋಳಿಗೆ ಪೆಟ್ಟಾಗಿ ಕೆಲಸಕ್ಕೆ ಹೋಗಲಾರದೆ ಕುಳಿತಿದ್ದ. ಆತ ವೃತ್ತಿಯಿಂದ ಕ್ಷೌರಿಕ. ಕೈಯೇ ಆತನ ಅನ್ನ. ಸಂಘದಿಂದ ಆತನಿಗೆ ಪರಿಹಾರ ದೊರೆಯಲಿಲ್ಲ. ಜೇಮ್ಸ್ ಗಿಲ್ಟಿನನ್, ಹೆನ್ರಿ ಹಾಯ್ಲ್ ಮೊದಲಾದವರು ಟ್ರಂಪರನ ಅಂಗಡಿಯಲ್ಲಿ ಸೇರಿ ಮಾತುಕತೆ ನಡೆಸಿದರು. ಆಗಸ್ಟ್ 8ರಂದು ಹೋಟೆಲೊಂದರಲ್ಲಿ ಸಭೆ ನಡೆದು ನ್ಯೂ ಸೌತ್ ವೇಲ್ಸ್ ರಗ್ಬಿ ಲೀಗ್ ಸ್ಥಾಪಿತವಾಯಿತು. ಹಾಯ್ಲ್ ಅಧ್ಯಕ್ಷ, ಗಿಲ್ಟಿನನ್ ಕಾರ್ಯದರ್ಶಿ, ಟ್ರಂಪರ್ ಖಜಾಂಚಿ.

ಅದೇ ತಿಂಗಳು ನ್ಯೂಜಿಲೆಂಡಿನಿಂದ ವೃತ್ತಿಪರರ ತಂಡವೊಂದು ಇಂಗ್ಲೆಂಡಿಗೆ ಹೋಗುವ ದಾರಿಯಲ್ಲಿ ಸಿಡ್ನಿಯಲ್ಲಿ ಇಳಿಯಿತು. ಅದನ್ನು ಕಟ್ಟಿದವನು ಬ್ಯಾಸ್ಕರ್‌ವಿಲ್ ಎಂಬ ಅಂಚೆ ಇಲಾಖೆಯ ತರುಣ ಗುಮಾಸ್ತ. ಹಣಕ್ಕೆ ಆಡುವವರೆಂಬ ಅಣಕದಿಂದ ಪತ್ರಿಕೆಗಳು ಆ ತಂಡಕ್ಕೆ ಚಿನ್ನದ ಹೆಸರನ್ನು ಅಂಟಿಸಿದುವು. ಆಗಸ್ಟ್ 17ರಂದು ನಡೆದ ಮೊದಲ ಪಂದ್ಯವನ್ನು ನೋಡಲು ಸುಮಾರು 20,000 ಜನ ಬಂದರು. ಸಿಡ್ನಿಯ ಕಣ್ಮಣಿಯಾಗಿದ್ದ ಡ್ಯಾಲಿ ಮೆಸೆಂಜರ್ ಎಂಬ ಆಟಗಾರ ಹಳೆಯ ಸಂಘವನ್ನು ತೊರೆದು ಹೊಸ ಪಕ್ಷಕ್ಕೆ ಬಂದ. ಬ್ಯಾಸ್ಕರ್‌ವಿಲ್ ಮಾತ್ರ ಮನೆಗೆ ಹಿಂದಿರುಗಲಿಲ್ಲ. 1908ರ ಮೇ ತಿಂಗಳಲ್ಲಿ ಬ್ರಿಸ್ಬೇನಿನಲ್ಲಿ ನ್ಯುಮೋನಿಯದಿಂದ ತೀರಿಕೊಂಡ, ವಯಸ್ಸು 25. ಆತನ ತಾಯಿಯ ಸಹಾಯಾರ್ಥವಾಗಿ ಸಂಗಡಿಗರು ವೆಲ್ಲಿಂಗ್ಟನ್ನಿನಲ್ಲಿ ಪಂದ್ಯವಾಡಿ ಹಣ ಕೂಡಿಸಿದರು. ಹಣದಾಸೆಯವರೆಂದು ಜರೆಸಿಕೊಂಡವರು ಮಾಡಿದ ಕೆಲಸ ಇದು.

1908ರ ಏಪ್ರಿಲಿನಲ್ಲಿ ಸಿಡ್ನಿಯ ಕ್ಲಬ್ಬುಗಳ ಸ್ಪರ್ಧೆ ಆರಂಭವಾಯಿತು. ಆದರೆ ಸ್ಥಾಪಕರಿಗೆ ಸುಖವಿರಲಿಲ್ಲ. ಆ ವರ್ಷ ಇಂಗ್ಲೆಂಡಿಗೆ ಕಳುಹಿಸಿದ ತಂಡದ ಪ್ರವಾಸ ನಷ್ಟದಲ್ಲಿ ಮುಗಿದು ಗಿಲ್ಟಿನನ್ ದಿವಾಳಿಯಾದ. ಲೀಗಿನ ಲೆಕ್ಕಪತ್ರಗಳ ಬಗ್ಗೆ ದೂರುಗಳೆದ್ದು 1909ರಲ್ಲಿ ಮೂವರೂ ಅಧಿಕಾರವನ್ನು ಕಳೆದುಕೊಂಡರು. ತನ್ನ ಅಂಗಡಿಯ ಲೆಕ್ಕವನ್ನೇ ಇಡಲಾರದವನನ್ನು ಖಜಾಂಚಿಯನ್ನಾಗಿ ಮಾಡಿದವರ ವಿವೇಕವನ್ನು ಪ್ರಶ್ನಿಸಬಹುದು. ಆದರೆ ಟ್ರಂಪರನು ಆ ವ್ಯವಹಾರದಿಂದ ಸಿರಿವಂತನಾಗಿ ಹೊರಬರಲಿಲ್ಲವೆಂಬುದು ನಿಶ್ಚಯ. ಲೀಗ್ ಮಾತ್ರ ಉಳಿಯಿತು. ಒಲಿಂಪಿಕ್ಸಿನಲ್ಲಿ ಗೆದ್ದು ಬಂದ ತಂಡದ ಹಲವರು ಅದೇ ವರ್ಷ ಲೀಗಿನ ಕಡೆಗೆ ಬಂದರು.

ಕ್ರಿಕೆಟ್ಟಿನಲ್ಲಿಯೂ ಇದೇ ಪ್ರಶ್ನೆ ಬೇರೊಂದು ವೇಷದಲ್ಲಿ ಎದುರಾಯಿತು. 1910-11ರಲ್ಲಿ ದಕ್ಷಿಣ ಆಫ್ರಿಕದೆದುರು ಔಟಾಗದೆ ಗಳಿಸಿದ 214 ಸೇರಿ ಒಂದೇ ಸರಣಿಯಲ್ಲಿ 661 ರನ್ನುಗಳನ್ನು ಮಾಡಿ ಟ್ರಂಪರನು ಮತ್ತೆ ಉತ್ತುಂಗಕ್ಕೇರಿದ್ದ. 1912ರ ಇಂಗ್ಲೆಂಡ್ ಪ್ರವಾಸಕ್ಕೆ ವ್ಯವಸ್ಥಾಪಕನನ್ನು ಆರಿಸುವ ಹಕ್ಕು ಆಟಗಾರರದೋ, 1905ರಲ್ಲಿ ಹುಟ್ಟಿದ ನಿಯಂತ್ರಣ ಮಂಡಳಿಯದೋ ಎಂಬ ಜಗಳ ಬೆಳೆಯಿತು. ಹಿಲ್, ಆರ್ಮ್‌ಸ್ಟ್ರಾಂಗ್, ಕಾಟರ್, ಕಾರ್ಟರ್, ರಾನ್ಸ್‌ಫರ್ಡ್ ಇವರೊಡನೆ ಟ್ರಂಪರನೂ ಪ್ರವಾಸವನ್ನು ನಿರಾಕರಿಸಿದ. ಪ್ರವಾಸದ ಪಾಲಿಗೆ ಎರವಾಗುವುದು ಈ ಆರು ಮಂದಿಯಲ್ಲಿ ಆತನಿಗೆ ಹಗುರವಾದ ತ್ಯಾಗವಾಗಿರಲಾರದು.

1913ರ ಫೆಬ್ರವರಿಯಲ್ಲಿ ಸಿಡ್ನಿಯಲ್ಲಿ ಆತನ ಸಹಾಯಾರ್ಥ ಪಂದ್ಯ ನಡೆಯಿತು. ಕೂಡಿದ ಸುಮಾರು 3000 ಪೌಂಡುಗಳನ್ನು ಗೆಳೆಯರು ಆತನ ಕೈಗೆ ಕೊಡದೆ ಧರ್ಮದರ್ಶಿಗಳ ವಶಕ್ಕೆ ಒಪ್ಪಿಸಿದರು. ಕೈಗೆ ಬಂದರೆ ಹಣ ಬೇಡಿದವರ ಪಾಲಾಗುವುದೆಂಬುದನ್ನು ಅವರು ಬಲ್ಲರು. 1914ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿ ಆತ 293 ರನ್ನುಗಳನ್ನು ಹೊಡೆದು, ಎಂಟನೆಯ ವಿಕೆಟ್ಟಿಗೆ ಸಿಮ್ಸ್ ಎಂಬಾತನೊಡನೆ 433 ರನ್ನುಗಳನ್ನು ಕೂಡಿಸಿದ. ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ. ಅದು ಆರುವ ಮುನ್ನ ದೀಪ ಬೆಳಗಿದಂತೆ. 1915ರ ಜೂನ್ 28ರಂದು, ಮೂತ್ರಪಿಂಡದ ರೋಗದಿಂದ, ಮೂವತ್ತೆಂಟು ತುಂಬುವ ಮೊದಲೇ ಟ್ರಂಪರನು ತೀರಿಕೊಂಡ. ಮಹಾಯುದ್ಧದ ಸಾವುನೋವುಗಳ ನಡುವೆಯೂ ಸಿಡ್ನಿಯ ಬೀದಿಗಳಲ್ಲಿ ಜನ ನೆರೆದರು. ಶವಪೆಟ್ಟಿಗೆಯನ್ನು ಹೊತ್ತವರು ಹನ್ನೊಂದು ಮಂದಿ ಕ್ರಿಕೆಟ್ ಆಟಗಾರರು.

ಈಗ ಮೊದಲಿನ ನಂಬಿಕೆಗೆ ಬರೋಣ. ಹಣ ಬಂದರೆ ಆಟದ ಚೆಲುವು ಕೆಡುತ್ತದೆ ಎಂಬವರು ಒಂದು ಸಂಗತಿಯನ್ನು ಮರೆಯುತ್ತಾರೆ. ಹಣವಿಲ್ಲದೆ ಆಡುವ ಸ್ವಾತಂತ್ರ್ಯ ಯಾರಿಗಿತ್ತು? ಮನೆಯಲ್ಲಿ ಕಣಜ ತುಂಬಿದ್ದವರಿಗೆ. ಇಂಗ್ಲೆಂಡಿನ ಮೈದಾನಗಳಲ್ಲಿ ಮಹನೀಯರೂ ಆಟಗಾರರೂ ಎಂಬ ಎರಡು ಜಾತಿಗಳು 1960ರ ದಶಕದ ಆರಂಭದವರೆಗೂ ಉಳಿದುವು. ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಳೂ, ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ಸಂಬಳದಾಳಾಗಿ ದೊರೆಗಳಿಗೆ ಚೆಂಡೆಸೆದು ಎಸೆದು ಪಳಗಿದವನು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ಟುಗಳನ್ನು ಕಿತ್ತ. ಕೂಲಿ ಪಡೆದ ಮಾತ್ರಕ್ಕೆ ಆ ಎಸೆತದ ಕಲೆ ಮಾಸಿತೆ? ಗಣಿ ಕಾರ್ಖಾನೆಗಳಲ್ಲಿ ಗಾಯಗೊಂಡವನಿಗೆ ಪರಿಹಾರ ಕೊಡಬೇಕೆಂದು ಬ್ರಿಟನ್ 1897ರಲ್ಲಿಯೂ ಬ್ರಿಟಿಷ್ ಇಂಡಿಯ 1923ರಲ್ಲಿಯೂ ಕಾನೂನು ಮಾಡಿದುವು. ಹಳೆಯ ರಗ್ಬಿ ಸಂಘಗಳು ವೃತ್ತಿಪರತೆಯನ್ನು ಬಹಿರಂಗವಾಗಿ ಒಪ್ಪಿದ್ದು ಮಾತ್ರ 1995ರಲ್ಲಿ, ಹಡರ್ಸ್‌ಫೀಲ್ಡಿನ ಸಭೆಗೆ ಸರಿಯಾಗಿ ನೂರು ವರ್ಷ ತುಂಬಿದಾಗ.

ಹಾಗೆಂದು ಹಣದಿಂದ ಎಲ್ಲವೂ ಸರಿಹೋಯಿತೆಂದು ಈ ಲೇಖಕ ಹೇಳುವುದಿಲ್ಲ. ಆಸ್ಟ್ರೇಲಿಯದ ರಗ್ಬಿ ಲೀಗನ್ನು ಆಸಕ್ತಿಯಿಂದ ನೋಡುವ ಅಭಿಮಾನಿಯಾಗಿ ಹೇಳುವುದಾದರೆ, ಅಷ್ಟೊಂದು ವೇಗ ಮತ್ತು ಧೈರ್ಯಗಳ ಆಟ ಬೇರೊಂದಿಲ್ಲ. ಆದರೆ ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದ ಆಟಗಾರರ ಮುಪ್ಪಿನ ಚಿಂತೆ ಇಂದು ಅಲ್ಲಿ ದೊಡ್ಡದಾಗಿದೆ. ಬರ್ಡನ್ನನ ತೋಳಿನ ಪ್ರಶ್ನೆ ಹೊಸ ರೂಪದಲ್ಲಿ ಮರಳಿದೆ. ಸಂಬಳ ಕೊಟ್ಟೊಡನೆ ಋಣ ತೀರಲಿಲ್ಲ. ಆಟ ನಿಂತ ಮೇಲೂ ಆಟಗಾರನ ದೇಹ ಆತನೊಂದಿಗೆ ಬಾಳಬೇಕು.

ಸಿಡ್ನಿಯ ಪ್ಯಾಡಿಂಗ್ಟನ್ನಿನಲ್ಲಿ ಒಂದು ಉದ್ಯಾನಕ್ಕೂ ಅಲ್ಲಿಯ ಮುಖ್ಯ ಕ್ರಿಕೆಟ್ ಮೈದಾನದಲ್ಲಿ 2008ರಲ್ಲಿ ಕಟ್ಟಿದ ಪ್ರೇಕ್ಷಕರ ಅಟ್ಟಣೆಗೂ ಟ್ರಂಪರನ ಹೆಸರಿದೆ. ಅಲ್ಲಿ ನೆನೆಯುವುದು ಹೆಚ್ಚಾಗಿ ಆತನ ದಾಂಡಿನ ಬೆಡಗನ್ನು. ತನ್ನ ಪಾಲನ್ನು ಎಣಿಸಲರಿಯದ ಆತ ಇನ್ನೊಬ್ಬನ ಪಾಲಿಗಾಗಿ ನಿಂತನೆಂಬುದನ್ನೂ ಜೊತೆಗೆ ನೆನೆದರೆ ಆ ಬೆಡಗಿಗೆ ಕುಂದಿಲ್ಲ. ದುಡಿಮೆಗೆ ತಕ್ಕ ಬೆಲೆಯನ್ನು ಬೇಡುವುದು ಲೋಭವಲ್ಲವೆಂದು ತಿಳಿಯಲು ಚಿನ್ನದ ಗಣಿಯ ಸೀಮೆಯವರಿಗೆ ಗುರು ಬೇಕಿಲ್ಲ. ಆ ಮಾತನ್ನು ಆಟಗಾರನಿಗೂ ಅನ್ವಯಿಸಿ ನೋಡುವ ಔದಾರ್ಯ ನಮ್ಮಲ್ಲಿ ಬಂದರೆ ಸಾಕು.