ಕಾರುಗಳಿಗೆ ಚಂದ ಕೊಟ್ಟ ಝಾನ್ ಬುಗಾಟಿ

ಬುಗಾಟಿ ಎಂಬ ಕಾರಿನ ಹೆಸರನ್ನು ನೀವು ಕೇಳಿರಬಹುದು. ಅದನ್ನು ಶುರು ಮಾಡಿದವರು ಎತ್ತೋರೆ ಬುಗಾಟಿ. ನಾನು ಬರೆಯುತ್ತಿರುವುದು ಅವರ ಮಗ ಝಾನ್ ಬಗ್ಗೆ.

ಝಾನ್ 1909ರಲ್ಲಿ ಜರ್ಮನಿಯ ಕೊಲೋನ್ ನಗರದಲ್ಲಿ ಜನಿಸಿದರು. ಅದೇ ವರ್ಷ ತಂದೆ ಮೋಲ್ಸೈಮ್ ಎಂಬ ಊರಿನಲ್ಲಿ ಕಾರ್ಖಾನೆ ತೆರೆದರು. ಮೊದಲನೇ ಮಹಾಯುದ್ಧದ ನಂತರ ಆ ಊರು ಫ್ರಾನ್ಸಿಗೆ ಸೇರಿತು.

ಆಗೆಲ್ಲ ದುಬಾರಿ ಕಾರುಗಳು ಒಂದೇ ಅಚ್ಚಿನಲ್ಲಿ ಬರುತ್ತಿರಲಿಲ್ಲ. ಕಂಪನಿಯವರು ಇಂಜಿನ್, ಚಕ್ರ, ಕೆಳಗಿನ ಚೌಕಟ್ಟು ಮಾಡಿ ಕೊಡೋರು. ಮೇಲಿನ ಮೈಯನ್ನು ಬೇರೆ ಕುಶಲಕರ್ಮಿಗಳು ಕೈಯಲ್ಲೇ ತಗಡು ಬಡಿದು ಮಾಡೋರು. ನಮ್ಮಲ್ಲಿ ಎತ್ತಿನ ಗಾಡಿಗೆ ಮರಗೆಲಸ ಬಡಗಿಯದು, ಕಬ್ಬಿಣದ ಪಟ್ಟಿ ಕಮ್ಮಾರನದು, ಹಾಗೆ ಅಂದ್ಕೊಳ್ಳಿ. ಝಾನ್ ಮಾತ್ರ ಅನೇಕ ಕಾರುಗಳ ಮೈಯನ್ನು ತಾವೇ ರೂಪಿಸಿ ತಮ್ಮ ಕಾರ್ಖಾನೆಯಲ್ಲೇ ಮಾಡಿಸಿದರು.

ಅವರ ತಂದೆ ರಾಜಮಹಾರಾಜರಿಗೆಂದು ರೊಯಾಲ್ ಎಂಬ ದೊಡ್ಡ ಕಾರು ಮಾಡಿದ್ದರು. ಇಂಜಿನ್ 12.7 ಲೀಟರಿನದು! ಆದರೆ ಒಬ್ಬ ರಾಜನೂ ಕೊಳ್ಳಲಿಲ್ಲ. ಆಗಿದ್ದು ಆರೇ ಕಾರು. 1932ರಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಕೊಂಡ ರೊಯಾಲ್‌ಗೆ ಝಾನ್ ಮೈ ರೂಪಿಸಿದರು. ರಾತ್ರಿ ಓಡಿಸೋದೇ ಇಲ್ಲ ಅಂತ ವ್ಯಾಪಾರಿ ಹೇಳಿದ್ದಕ್ಕೆ ಅದಕ್ಕೆ ಮುಂದಿನ ದೀಪಗಳನ್ನೇ ಇಡಲಿಲ್ಲ. ಝಾನ್‌ಗೆ ಆಗ ಇಪ್ಪತ್ಮೂರು ವರ್ಷ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಟ್ಲಾಂಟಿಕ್. ನೀರಿನ ಹನಿಯ ಆಕಾರ. ಮೂಗಿನಿಂದ ಬಾಲದವರೆಗೆ ನಡುಬೆನ್ನಿನ ಮೇಲೆ ಒಂದು ಏಣು, ಅದರ ತುಂಬಾ ಸಾಲಾಗಿ ರಿವೆಟ್ ಮೊಳೆಗಳು. ಅದು ಬರೀ ಅಲಂಕಾರವಲ್ಲ. ಇದರ ಮೊದಲ ಮಾದರಿಗೆ ಮೆಗ್ನೀಸಿಯಂ ಬೆರೆಸಿದ ಲೋಹ ಬಳಸಿದ್ದರು. ಅದಕ್ಕೆ ಬೆಸುಗೆ ಹಾಕೋಕೆ ಹೋದರೆ ಬೆಂಕಿ ಹತ್ತಿಕೊಳ್ಳುತ್ತದೆ. ಅದಕ್ಕೇ ಎರಡು ಭಾಗಗಳನ್ನು ಅಂಚು ಮಡಿಸಿ ಮೊಳೆ ಹೊಡೆದು ಸೇರಿಸಿದರು. ಆಮೇಲೆ ಅಲ್ಯೂಮಿನಿಯಂ ಬಳಸಿದಾಗ ಈ ಕಷ್ಟ ಇರಲಿಲ್ಲ, ಆದರೂ ಝಾನ್ ಆ ಏಣನ್ನು ತೆಗೆಯಲಿಲ್ಲ. ತೆಗೆಯದಿದ್ದದ್ದೇ ಒಳ್ಳೇದಾಯ್ತು. 1936ರಿಂದ 1938ರೊಳಗೆ ಮಾಡಿದ್ದು ನಾಲ್ಕೇ ನಾಲ್ಕು.

1936ರಲ್ಲಿ ಕಾರ್ಖಾನೆಯಲ್ಲಿ ಮುಷ್ಕರ ಆಯಿತು. ತಂದೆ ಮನನೊಂದು ಪ್ಯಾರಿಸ್ಸಿಗೆ ಹೋದರು. ಕಾರ್ಖಾನೆಯ ಭಾರ ಮಗನ ಮೇಲೆ ಬಿತ್ತು.

ಮಗ ರೇಸಿಗೆ ಇಳಿಯಬಾರದು ಅಂತ ತಂದೆ ತಡೆದಿದ್ದರು. ಆದರೆ ಹೊಸ ಕಾರುಗಳನ್ನು ಓಡಿಸಿ ಪರೀಕ್ಷೆ ಮಾಡೋರು ಝಾನ್ ಅವರೇ. 1939ರ ಜೂನ್‌ನಲ್ಲಿ ಲ ಮಾನ್ ಎಂಬಲ್ಲಿ 24 ಗಂಟೆಯ ರೇಸನ್ನು ಬುಗಾಟಿ ಗೆದ್ದಿತು. ಆಗಸ್ಟ್ 11ರ ರಾತ್ರಿ ಅದೇ ಕಾರನ್ನು ಝಾನ್ ಮೋಲ್ಸೈಮ್ ಹತ್ತಿರ ಜೋರಾಗಿ ಓಡಿಸುತ್ತಿದ್ದರು. ಸೈಕಲ್ ಸವಾರನೊಬ್ಬ ಅಡ್ಡ ಬಂದ. ಅವನನ್ನು ತಪ್ಪಿಸಲು ಹೋಗಿ ಕಾರು ಮರಕ್ಕೆ ಬಡಿಯಿತು. ಝಾನ್ ತೀರಿಕೊಂಡರು. ಬರೀ ಮೂವತ್ತು ವರ್ಷ.

ಮೂರು ವಾರಕ್ಕೆ ಎರಡನೇ ಮಹಾಯುದ್ಧ ಶುರುವಾಯಿತು. ಝಾನ್ ತಾವೇ ಓಡಿಸುತ್ತಿದ್ದ ಕಪ್ಪು ಅಟ್ಲಾಂಟಿಕ್ ಆ ಗಲಾಟೆಯಲ್ಲಿ ಎಲ್ಲೋ ಕಾಣೆಯಾಯಿತು. ಇನ್ನುಳಿದ ಮೂರೂ ಇವೆ, ಅದೊಂದು ಇನ್ನೂ ಸಿಕ್ಕಿಲ್ಲ.