ಸಹಕಾರಿಗಳು ಮರೆಯಬಾರದ ಹಿರಿಯರು: ಡಾ. ಫ. ಗು. ಹಳಕಟ್ಟಿ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹಿರಿಯರೊಬ್ಬರನ್ನು ನೆನೆಯುವುದು ನಮ್ಮ ಕರ್ತವ್ಯ. ಸಹಕಾರಿ ಕಾಯದೆ ಬಂದದ್ದು 1904ರಲ್ಲಿ. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘ ಕಟ್ಟಿದರು. ಅದಾದ ಏಳೇ ವರ್ಷಕ್ಕೆ, 1912ರಲ್ಲಿ, ಬಿಜಾಪುರದಲ್ಲಿ ಸಿದ್ಧೇಶ್ವರ ಬ್ಯಾಂಕ್ ಹುಟ್ಟಿತು. ಅದನ್ನು ಹುಟ್ಟುಹಾಕಿದವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ವಚನ ಪಿತಾಮಹ ಎಂದು ಅವರನ್ನು ಎಲ್ಲರೂ ಬಲ್ಲರು. ಅವರು ನಮ್ಮಂಥ ಸಹಕಾರಿಗಳೂ ಆಗಿದ್ದರೆಂಬುದು ನಮ್ಮ ಹಳ್ಳಿಗಳಲ್ಲಿ ಬಹಳ ಮಂದಿಗೆ ಗೊತ್ತಿಲ್ಲ.

ಹಳಕಟ್ಟಿಯವರು ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಬರಹಗಾರರು. ಮಗ ಮೂರು ವರ್ಷದವನಿದ್ದಾಗಲೇ ತಾಯಿ ದಾನಮ್ಮ ತೀರಿಕೊಂಡರು. ಅಜ್ಜಿ ಬಸಮ್ಮ ಕೂಸನ್ನು ಸಾಕಿ ದೊಡ್ಡವನನ್ನು ಮಾಡಿದರು. ಧಾರವಾಡದಲ್ಲಿ ಮೆಟ್ರಿಕ್ ಮುಗಿಸಿ ಮುಂಬಯಿಗೆ ಕಲಿಯಲು ಹೋದಾಗ ಅಲ್ಲಿಯ ಮರಾಠಿ, ಗುಜರಾತಿ ಜನ ತಮ್ಮ ಭಾಷೆಯ ಮೇಲೆ ಇಟ್ಟ ಅಭಿಮಾನ ಅವರ ಕಣ್ಣು ತೆರೆಸಿತು. ನಮ್ಮ ಕನ್ನಡಕ್ಕೆ, ನಮ್ಮ ಜನಕ್ಕೆ ಏನಾದರೂ ಮಾಡಬೇಕೆಂಬ ಹಂಬಲ ಹುಟ್ಟಿದ್ದು ಅಲ್ಲಿಯೇ. ಎಲ್.ಎಲ್.ಬಿ. ಪಾಸಾಗಿ 1904ರಲ್ಲಿ ಬೆಳಗಾವಿಯಲ್ಲಿ ವಕೀಲಿ ಸುರು ಮಾಡಿ, ಸ್ವಲ್ಪ ದಿನಕ್ಕೇ ಬಿಜಾಪುರಕ್ಕೆ ಬಂದು ನೆಲೆಸಿದರು.

ಆಗಿನ ಬಿಜಾಪುರ ಸೀಮೆ ಎಂದರೆ ಬರದ ಸೀಮೆ. 1876-78ರ ಬರದ ಪೆಟ್ಟು ಇನ್ನೂ ಹಳೆಯ ಮಂದಿಯ ಬಾಯಲ್ಲಿತ್ತು. ಸಾಲ ಬೇಕಾದರೆ ಸಾಹುಕಾರನ ಮನಿ ಕಟ್ಟೆಯೇ ಗತಿ. ಬಡ್ಡಿ ಬೆಳೆದು ಹೊಲ ನುಂಗುತ್ತಿತ್ತು. ಓದು ಬಲ್ಲವರೂ ಕಡಿಮೆ. ಹಳಕಟ್ಟಿಯವರು ಈ ಎರಡೂ ರೋಗಕ್ಕೆ ಮದ್ದು ಹುಡುಕಿದರು. ವಿದ್ಯೆಗಾಗಿ 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ, ರೊಕ್ಕದ ಅಡಚಣೆಗಾಗಿ ಎರಡು ವರ್ಷದ ಮೇಲೆ ಸಿದ್ಧೇಶ್ವರ ಬ್ಯಾಂಕ್. ಹತ್ತು ಮಂದಿಯ ಸಣ್ಣ ಸಣ್ಣ ಉಳಿತಾಯ ಒಂದುಗೂಡಿಸಿ, ಬೇಕಾದವರಿಗೆ ನ್ಯಾಯದ ಬಡ್ಡಿಗೆ ಕೊಡುವುದು, ವಾಯದೆಗೆ ತಿರುಗಿ ಪಡೆಯುವುದು, ಅದನ್ನೇ ಮತ್ತೊಬ್ಬರಿಗೆ ಕೊಡುವುದು. ನಮ್ಮ ಸಂಘ ಮಾಡುವ ಕೆಲಸವೂ ಇದೇ. ಆ ಬ್ಯಾಂಕು ನೂರು ವರ್ಷ ದಾಟಿತು. ಬಿ.ಎಲ್.ಡಿ.ಇ. ಸಂಸ್ಥೆ ಬೆಳೆದು ಅದರ ವಿಶ್ವವಿದ್ಯಾಲಯವೂ ಆಯಿತು.

ವಕೀಲಿಯಲ್ಲಿ ಅವರು ಹೆಸರು ಮಾಡಿ ಸರಕಾರಿ ವಕೀಲರೂ ಆದರು. ಊರ ಮುನಿಸಿಪಾಲಿಟಿಯಲ್ಲಿ ಕೆಲಸ ಮಾಡಿದರು. 1920ರಲ್ಲಿ ಮುಂಬಯಿ ವಿಧಾನ ಪರಿಷತ್ತಿಗೆ ಸದಸ್ಯರಾಗಿ ಹೋದರು. ಸರಕಾರದಿಂದ ರಾವ್ ಬಹಾದ್ದೂರ್ ಪದವಿಯೂ ಬಂತು. ಒಬ್ಬ ಮನುಷ್ಯ ಮೇಲೇರಲು ಇಷ್ಟು ಮೆಟ್ಟಿಲು ಸಾಕು. ಆದರೆ ಅವರ ಜೀವ ಇದ್ದದ್ದು ತಾಳೆಗರಿ ಕಟ್ಟುಗಳಲ್ಲಿ.

ಇಲ್ಲಿ ನಮ್ಮ ಭಾಗದ ಹೆಮ್ಮೆಯ ಸಂಗತಿಯೊಂದುಂಟು. ಗೋಕಾಕದಲ್ಲಿ, ಆ ಮೇಲೆ ನಮ್ಮ ಹುನ್ನೂರಿಗೆ ದೂರವಲ್ಲದ ಬನಹಟ್ಟಿಯ ಒಂದು ಮನೆಯಲ್ಲಿ, ಅವರಿಗೆ ವಚನಗಳ ಹಳೆಯ ತಾಳೆಗರಿಗಳು ಕಂಡವು. ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ, ಅಟ್ಟದ ಮೇಲೆ ಹುಳ ಹಿಡಿಯುತ್ತಿದ್ದ ಇಂಥಾ ಕಟ್ಟುಗಳನ್ನು ಅವರು ಊರೂರು ತಿರುಗಿ ಕೂಡಿಸಿದರು. ಅಚ್ಚು ಮಾಡಿಸಲು ಮಂಗಳೂರಿಗೆ ಕಳಿಸಿದ ಪ್ರತಿ ಅಚ್ಚಾಗದೆ ತಿರುಗಿ ಬಂತು. ಕೈಚೆಲ್ಲಿ ಕೂಡ್ರಲಿಲ್ಲ. 1923ರಲ್ಲಿ ಬೆಳಗಾವಿಯಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚಾಯಿತು. ಪರರ ಅಚ್ಚುಕೂಟ ನಂಬಿದರೆ ಕೆಲಸ ಸಾಗದೆಂದು ತಮ್ಮ ಸ್ವಂತ ಮನೆ ಮಾರಿ, 1925ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ರಲ್ಲಿ ಶಿವಾನುಭವ, 1927ರಲ್ಲಿ ನವಕರ್ನಾಟಕ ಪತ್ರಿಕೆ ಹೊರಟವು. 1926ರಲ್ಲಿ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ದೊರೆತವು.

ಬ್ಯಾಂಕು ಕಟ್ಟಿದ ಮನುಷ್ಯ ಕಡೆಯವರೆಗೂ ಬಾಡಿಗೆ ಮನಿಯಲ್ಲಿ, ಹರಿದ ಕೋಟಿನಲ್ಲಿ ಕಾಲ ಕಳೆದರು. ಪತ್ರಿಕೆ ನಷ್ಟದಲ್ಲಿ ನಡೆದಾಗ ಅವರು ಮುಟ್ಟಿದ್ದು ತಮ್ಮ ಗಂಟನ್ನು. ಸಂಸ್ಥೆಯ ರೊಕ್ಕ ಬೇರೆ, ತನ್ನ ರೊಕ್ಕ ಬೇರೆ ಎಂಬ ಗೆರೆ ಅವರಿಗೆ ಸ್ಪಷ್ಟವಿತ್ತು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು. ಈಗ ಅವರ ಹುಟ್ಟಿದ ದಿನವನ್ನು ಸರಕಾರ ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತದೆ.

ಒಂದು ಮಾತು ಬಿಚ್ಚಿ ಹೇಳಬೇಕು. ಅವರ ತ್ಯಾಗದ ಭಾರ ಮನೆಯವರ ಮೇಲೂ ಬಿತ್ತು. ಮನೆ ಮಾರಿದಾಗ ಪತ್ನಿ ಭಾಗೀರಥಿಬಾಯಿಯವರೂ ಆ ಮನೆ ಬಿಟ್ಟು ಹೊರಟವರೇ. ಸಮಾಜಸೇವೆ ಮಾಡುವವರ ಹೆಸರು ಕಲ್ಲಿನಲ್ಲಿ ಬರೆಯುತ್ತಾರೆ, ಮನೆಯಲ್ಲಿ ಹಿಟ್ಟು-ಬೇಳೆ ಹೊಂದಿಸಿದವರ ಹೆಸರು ಯಾರೂ ಬರೆಯುವುದಿಲ್ಲ. ನಾವೆಲ್ಲರೂ ಹಳಕಟ್ಟಿಯವರಂತೆ ಮನೆ ಮಾರಬೇಕೆಂದು ಯಾರೂ ಹೇಳಲಾರರು. ಹೊಲದ ಹಂಗಾಮು, ಮಕ್ಕಳ ಓದು, ಮನಿಯವರ ಜಡ್ಡು-ಜಾಪತ್ರಿ ನೋಡಿಕೊಂಡೇ ಸಂಘಕ್ಕೆ ವೇಳೆ ಕೊಡಬೇಕು. ಕೊಟ್ಟ ವೇಳೆ ಪೂರ್ತಿ ಕೊಡಬೇಕು. ಸಭೆಗೆ ಬಂದು ಠರಾವು ಓದದೆ ಸಹಿ ಹಾಕಿ ಚಹಾ ಕುಡಿದು ಎದ್ದು ಹೋದರೆ ಅದು ಮನಿಗೂ ಇಲ್ಲ, ಸಂಘಕ್ಕೂ ಇಲ್ಲ.

ಮುಂದಾಳು ಆಗುವವರು ಅವರಿಂದ ಕಲಿಯುವುದು ಇಷ್ಟು. ಮೊದಲು ತನ್ನ ಕಸುಬಿನಲ್ಲಿ ಗಟ್ಟಿಯಾಗಬೇಕು. ಅವರು ಒಳ್ಳೆಯ ವಕೀಲರಾಗಿದ್ದರಿಂದಲೇ ಜನ ನಂಬಿ ಕೂಡಿದರು. ಪದವಿ ಬಂದರೆ ಕೆಲಸಕ್ಕೆ ಬಳಸಬೇಕು, ಕೆಲಸವನ್ನು ಪದವಿಗೆ ಬಳಸಬಾರದು. ತಾನಿಲ್ಲದಾಗಲೂ ನಡೆಯುವ ಹಾಗೆ ಸಂಸ್ಥೆ ಕಟ್ಟಬೇಕು. ಎಲ್ಲಕ್ಕೂ ಮಿಗಿಲಾಗಿ ಲೆಕ್ಕ ಚೊಕ್ಕ ಇರಬೇಕು.

ಈ ಮಾತು ನಮ್ಮ ಡೈರೆಕ್ಟರರಿಗೆ ಎಷ್ಟೋ ಸದಸ್ಯರಿಗೂ ಅಷ್ಟೇ. ಶಕ್ತಿ ಇದ್ದವನು ಬಾಕಿ ಉಳಿಸಿಕೊಂಡರೆ, ಬಿತ್ತುವ ಹೊತ್ತಿಗೆ ಬೀಜ-ಗೊಬ್ಬರಕ್ಕೆ ಸಾಲ ಸಿಗದೆ ತಿರುಗಿ ಹೋಗುವವನು ನಮ್ಮ ಓಣಿಯ ಬಡ ರೈತನೇ. ಅವನು ಮತ್ತೆ ಕೈಗಡಕ್ಕೆ ಹೋಗಿ ಬಡ್ಡಿಗೆ ಸಿಕ್ಕುತ್ತಾನೆ. ಯಾವ ಬಾಗಿಲನ್ನು ತಪ್ಪಿಸಲು ಹಿರಿಯರು ಸಹಕಾರ ಕಟ್ಟಿದರೋ ಅದೇ ಬಾಗಿಲಿಗೆ ಅವನನ್ನು ನಾವೇ ಕಳಿಸಿದಂತೆ.

ನಮ್ಮ ಸಂಘ ಹಳಕಟ್ಟಿಯವರ ಬ್ಯಾಂಕಿನ ಹಾಗೆ ನೂರು ವರ್ಷ ಬಾಳಲಿ, ನಮ್ಮ ಮಕ್ಕಳು-ಮೊಮ್ಮಕ್ಕಳಿಗೂ ಆಸರೆಯಾಗಲಿ ಎಂದು ಹಾರೈಸಿ ನನ್ನ ಎರಡು ಮಾತು ಮುಗಿಸುತ್ತೇನೆ.

ಜೈ ಸಹಕಾರ.