ಅಕ್ಷರದಾಟದ ಲೂಯಿಸ್ ಕ್ಯಾರಲ್

1832ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಚಾರ್ಲ್ಸ್ ಡಾಡ್ಜ್‌ಸನ್‌ರವರು ಲೂಯಿಸ್ ಕ್ಯಾರಲ್ ಎಂದೇ ಪ್ರಸಿದ್ಧರು. ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ಗೆ ಇವರ ಆಲಿಸ್ ಕಥೆಯೇ ಮೂಲ. ಆಕ್ಸ್‌ಫರ್ಡಿನಲ್ಲಿ ಗಣಿತ ಬೋಧಿಸುತ್ತಿದ್ದ ಇವರಿಗೆ ಉಗ್ಗು ಇತ್ತು.

1877ರ ಕ್ರಿಸ್‌ಮಸ್‌ನಲ್ಲಿ ಬೇಸರಗೊಂಡಿದ್ದ ಇಬ್ಬರು ಬಾಲಕಿಯರಿಗಾಗಿ ಒಂದು ಆಟ ಕಲ್ಪಿಸಿದರು. ಪ್ರತಿಸಲ ಒಂದೇ ಅಕ್ಷರ ಬದಲಾಗಬೇಕು. ಬಂದದ್ದು ಅರ್ಥವುಳ್ಳ ಪದವಾಗಿರಬೇಕು. ಹೆಡ್, ಅಂದರೆ ತಲೆ. ಅದರ ಕೊನೆಯ ‘ಡಿ’ ತೆಗೆದು ‘ಎಲ್’ ಇಟ್ಟರೆ ಹೀಲ್, ವಾಸಿಮಾಡು. ಮೊದಲ ‘ಎಚ್’ ಹೋಗಿ ‘ಟಿ’ ಬಂದರೆ ಟೀಲ್, ಒಂದು ಜಾತಿಯ ಬಾತು. ಹೀಗೆಯೇ ಟೆಲ್, ಹೇಳು, ಟಾಲ್, ಎತ್ತರದ, ಕೊನೆಗೆ ಟೇಲ್, ಬಾಲ! 1879ರಲ್ಲಿ ಆಟ ಪತ್ರಿಕೆಯಲ್ಲಿ ಅಚ್ಚಾಯಿತು. 1898ರಲ್ಲಿ ಅವರು ನಿಧನರಾದರು.

ಸ್ಪೆಲ್ಲಿಂಗ್ ಎಂದರೆ ಬೆದರುವ ಉಟ್ಕೂರಿನ ನಮ್ಮ ಮಕ್ಕಳಿಗೆ ಬಾಯಿಪಾಠಕ್ಕಿಂತ ಇದೇ ಮೇಲೆಂದು ನಾವು ಎಣಿಸುತ್ತೇವೆ. ಕನ್ನಡದಲ್ಲೂ ಆಡಬಹುದು: ಕಲ್ಲು, ಹಲ್ಲು, ಹಣ್ಣು.